ಅಂಗಭೋಗ ಸರಿ, ರಂಗಭೋಗ ಎಲ್ಲಿ?

ಮೈಸೂರಿನ ಜಗನ್ಮೋಹನ ಅರಮನೆ ನೋಡಿ ಬಂದವರನ್ನು ಕೇಳಿ, ಅಲ್ಲಿ ಏನು ನೋಡಿದ್ರಿ ಅಂತ. ದೀಪ ಹಿಡಿದ ಹೆಂಗಸಿನ ಚಿತ್ರ ಅಂತಾರೆ. (ಬರೆದವರು ಹಲ್ದಂಕರ್. ಅರ್ಧ ಜನ ಅದನ್ನು ರವಿವರ್ಮನ ಚಿತ್ರ ಅಂದುಕೊಂಡೇ ವಾಪಸ್ ಬರ್ತಾರೆ.) ರವಿವರ್ಮ ಅಂತಾರೆ. ಪುಟ್ಟ ಸೈನಿಕರು ಸಾಲಾಗಿ ನಡೆಯುವ ಫ್ರೆಂಚ್ ಗಡಿಯಾರ ಅಂತಾರೆ. ಅಲ್ಲೊಂದು ಸಭಾಂಗಣ ಇದೆಯಲ್ಲ, ಅದು ಹೇಗಿತ್ತು ಅಂದರೆ ಮುಖ ಮುಖ ನೋಡ್ತಾರೆ.

ಹಾಗೆ ನೋಡಿದರೆ ಆ ಕಟ್ಟಡದಲ್ಲಿ ಚಿತ್ರಗಳು ಬಾಡಿಗೆಗೆ ಬಂದವು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆ ಕಟ್ಟಿಸಿದ್ದು 1861ರಲ್ಲಿ. ಚಿತ್ರಶಾಲೆ ಆಗಿದ್ದು 1915ರಲ್ಲಿ. ನಡುವೆ 1897ರಲ್ಲಿ ಹಳೇ ಮರದ ಅರಮನೆ ಮದುವೆ ಮನೆಯ ಗದ್ದಲದಲ್ಲೇ ಸುಟ್ಟುಹೋದಾಗ ರಾಜಮನೆತನ ಇಲ್ಲೇ ವಾಸವಿತ್ತು. 1902ರಲ್ಲಿ ಲಾರ್ಡ್ ಕರ್ಜನ್ ಬಂದು ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟಿದ್ದೂ ಇಲ್ಲೇ. ಆಮೇಲೆ ಕಚೇರಿ, ನಾಟಕ, ದಸರಾ ಕಾರ್ಯಕ್ರಮ ಎಲ್ಲ ಇಲ್ಲಿ ನಡೆದಿವೆ, ನಡೀತಾನೂ ಇವೆ. ಆದರೆ ಟಿಕೆಟ್ ತಗೊಂಡು ಬರುವವರ ಪಾಲಿಗೆ ಸಭಾಂಗಣ ಅನ್ನೋದು ಚಿತ್ರಗಳ ಕಡೆ ಹೋಗುವ ದಾರಿ. ಚಿತ್ರಶಾಲೆಯಲ್ಲಿ ಹಳೇ ವಾದ್ಯಗಳನ್ನೂ ಇಟ್ಟಿದ್ದಾರೆ. ನುಡಿಸಬೇಕಾದ್ದನ್ನು ನೋಡೋಕೆ ಇಟ್ಟಿದ್ದಾರೆ, ನಾವೂ ನೋಡ್ತೀವಿ, ಮುಂದೆ ಹೋಗ್ತೀವಿ.

ನನ್ನ ತಕರಾರು ಇಷ್ಟೇ. ಹಾಡಿಗೆ, ಕುಣಿತಕ್ಕೆ ಅಂತ ಕಟ್ಟಿದ ಜಾಗಗಳನ್ನು ನಾವು ಮ್ಯೂಟ್ ಒತ್ತಿ ನೋಡೋದನ್ನು ಅಭ್ಯಾಸ ಮಾಡಿಕೊಂಡಿದ್ದೀವಿ. ಫೋಟೋದಲ್ಲಿ ಬರುವಷ್ಟು ಭಾಗಕ್ಕೆ ಮಾತ್ರ ಬೆಲೆ. ರೀಲ್ಸ್‌ಗೆ ಬೇಕಾದ ಹಾಡನ್ನಂತೂ ಆಮೇಲೆ ಫೋನಿನಲ್ಲೇ ಅಂಟಿಸಿಕೊಳ್ಳಬಹುದು.

ಖಾಲಿ ಹಾಲ್ ನೋಡೋದಕ್ಕೂ ತುಂಬಿದ ಹಾಲ್‌ನಲ್ಲಿ ಕೂರೋದಕ್ಕೂ ಇರುವ ವ್ಯತ್ಯಾಸ ಬರೀ ಭಾವನೆಯದ್ದಲ್ಲ ಕಣ್ರೀ, ಅದನ್ನು ಅಳೆದಿದ್ದಾರೆ. 1895ರಲ್ಲಿ ಹಾರ್ವರ್ಡ್‌ನವರು ತಮ್ಮ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತು ಕೇಳಿಸ್ತಿಲ್ಲ, ಏನಾದ್ರೂ ಮಾಡಪ್ಪ ಅಂತ ವ್ಯಾಲೇಸ್ ಸೇಬಿನ್ ಅನ್ನೋ ಹುಡುಗ ಪ್ರೊಫೆಸರಿಗೆ ಹೇಳಿದರು. ಆತ ರಾತ್ರಿ ಹೊತ್ತು ಪಕ್ಕದ ಥಿಯೇಟರಿನ ಸೀಟಿನ ಕುಶನ್‌ಗಳನ್ನು ಹೊತ್ತು ತರೋದು, ಒಂದು ಆರ್ಗನ್ ಕೊಳವೆ ಊದಿ ಸದ್ದು ಪೂರ್ತಿ ಅಡಗುವವರೆಗೆ ಗಡಿಯಾರ ಹಿಡಿದು ಕೂರೋದು, ಬೆಳಗಾಗುವ ಮುಂಚೆ ಕುಶನ್ ವಾಪಸ್ ಇಡೋದು, ಹೀಗೇ ಮಾಡಿದ. ಖಾಲಿ ಕೋಣೆಯಲ್ಲಿ ಒಂದು ಮಾತು ಸಾಯೋಕೆ ಐದೂವರೆ ಸೆಕೆಂಡ್ ಬೇಕಿತ್ತು. ಅಷ್ಟರಲ್ಲಿ ಮೇಷ್ಟ್ರು ಇನ್ನೂ ಹತ್ತು ಹನ್ನೆರಡು ಪದ ಆಡಿರ್ತಾರೆ, ಎಲ್ಲ ಒಂದರ ಮೇಲೊಂದು ಕಲಸಿ ಹಿಟ್ಟು. ಒಬ್ಬ ಮನುಷ್ಯನ ಮೈ ಸುಮಾರು ಆರು ಕುಶನ್‌ಗಳಷ್ಟು ಸದ್ದನ್ನು ಹೀರುತ್ತೆ ಅಂತ ಗೊತ್ತಾಗಿದ್ದು ಆವಾಗಲೇ. ಅದೇ ಲೆಕ್ಕ ಇಟ್ಟುಕೊಂಡು 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಇವತ್ತಿಗೂ ಜಗತ್ತಿನ ಒಳ್ಳೇ ಕೇಳುವ ಜಾಗಗಳಲ್ಲಿ ಒಂದು.

ಅಂದರೆ ಹಾಲ್‌ನ ನಾದದಲ್ಲಿ ಕೇಳುಗರ ಮೈಯೂ ಸೇರಿದೆ. ಮಧ್ಯಾಹ್ನ ಮೂರು ಗಂಟೆಗೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಂದ್ಸಲ ಚಪ್ಪಾಳೆ ತಟ್ಟಿ, "ವಾವ್, ಎಕೋ ನೋಡು" ಅಂದರೆ, ನಾವು ಕೇಳಿಸಿಕೊಂಡಿದ್ದು ಅದನ್ನು ಕಟ್ಟಿದವರು ಕೇಳಿಸಬೇಕು ಅಂದುಕೊಂಡದ್ದನ್ನಲ್ಲ.

ಎಕೋ ಇದ್ದರೆ ದೊಡ್ಡಸ್ತಿಕೆ ಅನ್ನೋದೂ ಪ್ರವಾಸಿಯ ಭ್ರಮೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದ ದಿನದಿಂದಲೇ ಎಕೋಗೆ ಕುಖ್ಯಾತ. ಮೇಲೆ ಬಾಣಲೆ ಬೋರಲು ಹಾಕಿದಂಥ ಭಾರೀ ಗುಮ್ಮಟ, ಸದ್ದು ಅಲ್ಲಿಗೆ ಹೋಗಿ ಗುಂಪಾಗಿ ವಾಪಸ್ ಬೀಳ್ತಿತ್ತು. ಈಗಿನ ಸಂಗೀತಗಾರರು ತಮ್ಮ ಕೃತಿ ಎರಡು ಸಲ ಕೇಳಬೇಕಾದರೆ ಅಲ್ಲಿಗೇ ಹೋಗಬೇಕು ಅಂತ ಅಲ್ಲಿಯವರೇ ಜೋಕು ಮಾಡ್ತಿದ್ರು. 1969ರಲ್ಲಿ ಗುಮ್ಮಟದ ಕೆಳಗೆ ಅಣಬೆ ಆಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದ ಮೇಲೆ ಸ್ವಲ್ಪ ದಾರಿಗೆ ಬಂತು. ಇವತ್ತು ಅಲ್ಲಿ ಹೋದ ನಮ್ಮ ಆನ್‌ಸೈಟ್ ಗೆಳೆಯರು ಫೋಟೋ ಹಾಕೋದು ಆ ಅಣಬೆಗಳದ್ದೇ, ಅವು ಯಾಕಿವೆ ಅಂತ ಗೊತ್ತಿಲ್ಲದೆ.

ಆ ಹಾಲ್‌ಗೂ ಮೈಸೂರಿಗೂ ಒಂದು ಸಂಬಂಧ ಇದೆ, ನನಗೆ ಬಹಳ ಇಷ್ಟವಾದದ್ದು. ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಕೊನೆಯ ಹಾಡುಗಳನ್ನು ಮೊದಲ ಸಲ ಹಾಡಿದ್ದು ಅಲ್ಲಿ, 1950ರ ಮೇ 22ರಂದು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವಾಂಗ್ಲರ್. ಖರ್ಚಿಗೆ 4,800 ಡಾಲರ್ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರು. ಅವರಿಗೆ ಆ ಸಂಜೆ ಅಲ್ಲಿರೋಕೆ ಆಗಲಿಲ್ಲ. ಹಾಗಾಗಿ ಕಚೇರಿಯನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಿದರು. ಆ ದೂಳು ಹಿಡಿದಂಥ ಮುದ್ರಿಕೆ ಇವತ್ತೂ ಸಿಗುತ್ತೆ, ಹೆಡ್‌ಫೋನ್ ಹಾಕಿಕೊಂಡು ಕೇಳಿ. ಕಂಬ, ಗುಮ್ಮಟ, ಕೆಂಪು ಸೀಟು ಯಾವುದೂ ಕಾಣಲ್ಲ. ಆದರೂ ಹಾಲ್ ಇದೆ, ಕೆಮ್ಮಿನ ಸಮೇತ.

ಈಗ ಮೈಸೂರು ಅರಮನೆಗೆ ಬನ್ನಿ. ಕಲ್ಯಾಣ ಮಂಟಪದಲ್ಲಿ ಎಲ್ಲರ ಕತ್ತೂ ಮೇಲಕ್ಕೆ. ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ, ಎರಕದ ಕಂಬಗಳು. ಎರಡೂ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯವು. ಗ್ಲಾಸ್ಗೋ ಅನ್ನೋ ಪದ ಅರಮನೆ ನೋಡಿದ ಪ್ರತಿ ಶಾಲಾ ಮಗುವಿಗೂ ಗೊತ್ತು. ತಂಗಲಿ ಅನ್ನೋ ಪದ ಗೊತ್ತಾ?

ತಂಗಲಿ ತಾಂಡ್ಯ ನಮ್ಮ ಕಡೂರು ತಾಲೂಕಿನದು. 1906ರಲ್ಲಿ ಅಲ್ಲೊಂದು ಲಂಬಾಣಿ ಮನೆಯಲ್ಲಿ ಹುಟ್ಟಿದ ಹುಡುಗಿ ಎಂಟನೇ ವಯಸ್ಸಿಗೆ ಮೈಸೂರಿನ ಜಟ್ಟಿ ತಾಯಮ್ಮನವರ ಹತ್ತಿರ ನಾಟ್ಯ ಕಲಿಯೋಕೆ ಸೇರಿದಳು, ಹನ್ನೆರಡಕ್ಕೆ ರಂಗಪ್ರವೇಶ. ಆಮೇಲೆ ನಾಲ್ವಡಿಯವರ ಆಸ್ಥಾನ ವಿದುಷಿ. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ಶುರು ಮಾಡಿದಾಗ ಕಲಿಸೋಕೆ ಕರೆದಿದ್ದು ಅವರನ್ನೇ. 1992ರಲ್ಲಿ ಪದ್ಮಭೂಷಣ. ಡಾಕ್ಟರ್ ಕೆ. ವೆಂಕಟಲಕ್ಷಮ್ಮ. ಅಭಿನಯದಲ್ಲಿ ಅವರ ಸಮಕ್ಕೆ ಬರೋರು ಕಡಿಮೆ ಅನ್ನೋದು ನೋಡಿದವರ ಮಾತು. 2002ರಲ್ಲಿ ತೀರಿಕೊಂಡರು.

ಗಾಜು ಎಲ್ಲಿಂದ ಬಂತು ಅಂತ ನಮಗೆ ಗೊತ್ತು, ಕುಣಿದವಳು ಎಲ್ಲಿಂದ ಬಂದಳು ಅಂತ ಗೊತ್ತಿಲ್ಲ. ಗಾಜನ್ನು ಬೈಯ್ತಿಲ್ಲ, ಅದು ಚೆನ್ನಾಗೇ ಇದೆ. ಆದರೆ ಅರಮನೆಯ ಒಂದು ಸಭೆಯಲ್ಲಿ ಮುಖ್ಯವಾಗಿದ್ದದ್ದು ಏನು ಅಂತ ಯೋಚನೆ ಮಾಡಿ. ಒಂದು ಪದಕ್ಕೆ ಅಭಿನಯ ಮಾಡುವಾಗ ಹುಬ್ಬು ಎಷ್ಟು ಏರಬೇಕು, ಕಣ್ಣು ಎಲ್ಲಿ ನಿಲ್ಲಬೇಕು, ಅದು ಸಭೆಗೆ ಕಾಣಬೇಕಾದರೆ ನೋಡುವವರು ಎಷ್ಟು ಹತ್ತಿರ ಕೂತಿರಬೇಕು, ಬೆಳಕು ಎಲ್ಲಿಂದ ಬರಬೇಕು. ಹುಬ್ಬು ಕಾಣುವಷ್ಟು ಹತ್ತಿರ ಸಭೆ ಕೂರಿಸುವ ಅಂಗಳ, ಬೆಳಕು ಸೋಸಿ ಬಿಡುವ ಗಾಜು. ಅಭಿನಯ ಇದ್ದರೆ ಇವಕ್ಕೆ ಅರ್ಥ. ಅಭಿನಯ ತೆಗೆದುಬಿಟ್ಟರೆ ಉಳಿಯೋದು ಒಳಾಂಗಣ ಅಲಂಕಾರ, ಪ್ರೀ-ವೆಡ್ಡಿಂಗ್ ಶೂಟ್‌ಗೆ ಬೇಕಾದಷ್ಟು.

ದಸರಾದಲ್ಲಿ ಕಚೇರಿ ನಡೆಯುತ್ತಲ್ಲ ಅಂತ ನೀವು ಹೇಳಬಹುದು. ನಡೆಯುತ್ತೆ, ಅರಮನೆಯ ಮುಂದೆ. ಬಯಲಲ್ಲಿ ವೇದಿಕೆ, ಹಿಂದೆ ಒಂದು ಲಕ್ಷದ ಹತ್ತಿರ ಬಲ್ಬು ಹೊತ್ತಿಸಿಕೊಂಡ ಕಟ್ಟಡ, ಎರಡೂ ಕಡೆ ಎತ್ತರದ ಸ್ಪೀಕರ್. ಸಂಜೆ ಗಾಳಿಯಲ್ಲಿ ಕೂತು ಕೇಳೋಕೆ ಹಿತವಾಗೇ ಇರುತ್ತೆ, ನಾನೂ ಹೋಗ್ತೀನಿ. ಆದರೆ ಅಲ್ಲಿ ಅರಮನೆ ಕಚೇರಿಯ ಜಾಗ ಅಲ್ಲ, ಕಚೇರಿಯ ಪರದೆ. ಹಂಪಿ ಉತ್ಸವದಲ್ಲೂ ಅಷ್ಟೇ, 1975ರಿಂದ ನಡೀತಿರುವ ಖಜುರಾಹೊ ನೃತ್ಯೋತ್ಸವದಲ್ಲೂ ಅಷ್ಟೇ: ಮುಂದೆ ಕುಣಿತ, ಹಿಂದೆ ಲೈಟು ಬಿಟ್ಟ ಕಲ್ಲು.

ಪರದೆ ಅಂದರೆ ಏನು ಅಂತ ಯಗಟಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರಿಗೆ ಅರಮನೆ ಬರೋದೇ ಲಾರಿಯಲ್ಲಿ. ಪೌರಾಣಿಕ ನಾಟಕದ ದಿನ ಮಧ್ಯಾಹ್ನ ಸೀನರಿಯವರ ಲಾರಿ ಬಂದು ನಿಲ್ಲುತ್ತೆ. ಕಂಬ ನೆಟ್ಟು, ತಗಡು ಹೊದಿಸಿ, ಸುರುಳಿ ಸುತ್ತಿದ ಪರದೆಗಳನ್ನು ಒಂದೊಂದೇ ಕಟ್ಟುತ್ತಾರೆ: ಕಾಡಿನ ಪರದೆ, ಬೀದಿ ಪರದೆ, ಕಡೆಗೆ ದರ್ಬಾರ್ ಪರದೆ. ದರ್ಬಾರ್ ಪರದೆಯಲ್ಲಿ ಕಮಾನು ಮೇಲೆ ಕಮಾನು, ಗುಲಾಬಿ ಕಂಬ, ತೂಗುದೀಪ, ದೂರ ದೂರ ಹೋಗುವ ಹಾಸುಗಲ್ಲಿನ ಚೌಕಗಳು. ಹಸ್ತಿನಾವತಿ ಅಂತ ಹೆಸರು, ನೋಡಿದರೆ ಮೈಸೂರು. ಪಾರ್ಸಿ ನಾಟಕ ಕಂಪನಿಗಳಿಂದ ಬಂದ ಈ ಪರದೆಯ ಚಟ ಗುಬ್ಬಿ ಕಂಪನಿ ಕಾಲದಲ್ಲಿ ಹಳ್ಳಿಹಳ್ಳಿಗೂ ಹಬ್ಬಿ, ನಮ್ಮ ಕಡೆ ಇನ್ನೂ ಬಿಟ್ಟಿಲ್ಲ.

ಬಟ್ಟೆಯ ಅರಮನೆ. ಗಾಳಿ ಬೀಸಿದರೆ ಕಂಬಗಳು ಅಲ್ಲಾಡ್ತವೆ. ಆದರೆ ರಾತ್ರಿ ಎರಡು ಗಂಟೆಗೆ ದುರ್ಯೋಧನ ಬಂದು ಹಾರ್ಮೋನಿಯಂ ಮೇಲೆ ಕಂದಪದ್ಯ ಎತ್ತಿದಾಗ, ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ತೂಕಡಿಸ್ತಿದ್ದ ಅಜ್ಜ "ಒನ್ಸ್ ಮೋರ್" ಅಂತ ಕೂಗಿದಾಗ, ಅದೊಂದು ಸಭೆ. ದುರ್ಯೋಧನ ಹಗಲು ಹೊತ್ತು ತೆಂಗಿನ ತೋಟದವನೋ ಗೊಬ್ಬರದ ಅಂಗಡಿಯವನೋ ಆಗಿರ್ತಾನೆ. ಆ ಪಾತ್ರ ಮಾಡೋಕೆ ಅವನೇ ದುಡ್ಡು ಕಟ್ಟಿರ್ತಾನೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತೆ: ನಟನಿಗೆ ಸಂಬಳ ಕೊಡೋದು ಬಿಟ್ಟು ನಟನೇ ಕೊಡೋದಾ? ಹೌದು. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ತಿಂಗಳುಗಟ್ಟಲೆ ತಾಲೀಮು, ಸ್ತ್ರೀಪಾತ್ರಕ್ಕೆ ಹೊರಗಿಂದ ಬರುವ ಕಲಾವಿದೆಯರ ಸಂಭಾವನೆ, ಎಲ್ಲ ಅದರಲ್ಲೇ ಆಗಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ.

ಹಾಡು ಕುಣಿತಕ್ಕೆ ಹೀಗೆ ಖರ್ಚು ತೆಗೆದಿಡೋದಕ್ಕೆ ಕನ್ನಡದಲ್ಲಿ ಹಳೇ ಹೆಸರೇ ಇದೆ. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದಿದರೆ ಒಂದು ಜೋಡಿ ಪದ ಮತ್ತೆ ಮತ್ತೆ ಸಿಗುತ್ತೆ: ಅಂಗಭೋಗ, ರಂಗಭೋಗ. ಅಂಗಭೋಗ ಅಂದರೆ ದೇವರ ಮೈಗೆ ಸಲ್ಲುವ ಸೇವೆ, ಸ್ನಾನ, ಗಂಧ, ಹೂವು, ಬಟ್ಟೆ. ರಂಗಭೋಗ ಅಂದರೆ ದೇವರ ಮುಂದಿನ ರಂಗಕ್ಕೆ ಸಲ್ಲುವುದು, ಗೀತ, ವಾದ್ಯ, ನೃತ್ಯ. ಗದ್ದೆ ಬಿಟ್ಟುಕೊಡುವಾಗ ಇವೆರಡನ್ನೂ ಜೊತೆಗೇ ಹೇಳ್ತಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ, ಕಟ್ಟಡದ ಮೇಂಟೆನೆನ್ಸ್ ಒಂದು ಬಜೆಟ್, ಕಾರ್ಯಕ್ರಮ ಇನ್ನೊಂದು ಬಜೆಟ್ ಅಂತ ಅವರು ಮಾಡಿರಲಿಲ್ಲ. ರಂಗ ಖಾಲಿ ಇದ್ದರೆ ಪೂಜೆ ಅರ್ಧ.

ನಮ್ಮ ಕಡೆ ಅಂಥ ರಂಗ ನೋಡಬೇಕು ಅಂದರೆ ಅಮೃತಾಪುರಕ್ಕೆ ಹೋಗಿ. ಯಗಟಿಯಿಂದ ಕಡೂರು, ಬೀರೂರು, ತರೀಕೆರೆ ದಾಟಿ ಹೋಗೋದು, ಬೈಕಿಗೆ ಒಳ್ಳೇ ದಾರಿ. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಶಾಸನದ ಪದ್ಯಗಳು ಕವಿ ಜನ್ನನವು. ಮುಂದೆ ಹೆಸರಾಗುವ ರೂವಾರಿ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಇಲ್ಲಿನ ಚಾವಣಿಗಳಲ್ಲಿ. ಬೇಲೂರು ಹಳೇಬೀಡಿನ ಜನಜಾತ್ರೆ ಇಲ್ಲಿಲ್ಲ. ಹೊರಗಿನ ತೆರೆದ ಮಂಟಪವೇ 29 ಅಂಕಣದ್ದು, ತಿರುಗಣಿಯಲ್ಲಿ ಕಡೆದು ಮಿರುಗು ಬರಿಸಿದ ಕಂಬಗಳು. ಸುತ್ತ ಗೋಡೆ ಇಲ್ಲ, ಗಿಡ್ಡ ಕಟಾಂಜನ ಅಷ್ಟೇ. ಅದರ ಹೊರಮೈಯಲ್ಲಿ ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣನ ಕತೆ, ಮಹಾಭಾರತ.

ಪ್ರವಾಸಿಗಳು ಮಾಡೋದು ಹೊರಗಿನ ಸುತ್ತು, ಶಿಲ್ಪ ನೋಡಿಕೊಂಡು. ಒಳಗೆ ಬಂದು ಕಂಬಕ್ಕೊರಗಿ ಸುಮ್ಮನೆ ಹತ್ತು ನಿಮಿಷ ಕೂತು ನೋಡಿ. ಆಲ್ಬರ್ಟ್ ಹಾಲ್‌ನಲ್ಲಿ ಒಂದೇ ಭಾರೀ ಗುಮ್ಮಟ ಮಾಡಿದ ತಾಪತ್ರಯ ಹೇಳಿದೆನಲ್ಲ, ಇಲ್ಲಿ ಅಂಕಣಕ್ಕೊಂದು ಪುಟ್ಟ ಚಾವಣಿ, ಒಳಗೆಲ್ಲ ಕೆತ್ತನೆ. ಸದ್ದು ಒಂದೇ ಕಡೆ ಗುಂಪು ಕಟ್ಟಲ್ಲ. ದುಂಡು ಕಂಬಗಳು ಅದನ್ನು ಚೆದುರಿಸ್ತವೆ, ಮಿಕ್ಕದ್ದು ಪಕ್ಕದಿಂದ ಹೊರಗೆ ಹೋಗುತ್ತೆ. ಹೊಯ್ಸಳರಿಗೆ ಅಕೌಸ್ಟಿಕ್ಸ್ ಗೊತ್ತಿತ್ತು, ನಾಸಾದವರು ಬೆರಗಾದರು ಅನ್ನೋ ಥರದ ವಾಟ್ಸಪ್ ಮಾತು ನಾನು ಆಡ್ತಿಲ್ಲ. ತಿರುಗಣಿ ಕಂಬಕ್ಕೂ ಕೆತ್ತಿದ ಚಾವಣಿಗೂ ಸದ್ದು ಹೀಗೆ ಸ್ಪಂದಿಸೋದು ಕಲ್ಲಿನ ಗುಣ, ಆಕಾರದ ಗುಣ. ಪಕ್ಕದಲ್ಲಿ ಕೂತವರು ಸಣ್ಣ ದನಿಯಲ್ಲಿ ಮಾತಾಡಿದರೂ ಇಲ್ಲಿ ಪದ ಪದ ಬಿಡಿಸಿ ಕೇಳುತ್ತೆ, ನನ್ನ ಕಿವಿಗಂತೂ ಹಾಗೇ ಕೇಳಿದೆ. ಮೈಕ್ ಬೇಡದ ಜಾಗ ಇದು.

ಹಾಗಿದ್ರೆ ಅಲ್ಲಿ ಒಂದು ಕಚೇರಿ ಯಾಕಿಲ್ಲ? ಸಂರಕ್ಷಿತ ಸ್ಮಾರಕಗಳಿಗೆ ಒಂದು ಕೇಂದ್ರ ನಿಯಮಾವಳಿ ಇದೆ, 1959ರದು. ಅನುಮತಿ ಇಲ್ಲದೆ ಅಲ್ಲಿ ಸಭೆ, ಔತಣ, ಮನರಂಜನೆ ಯಾವುದೂ ಕೂಡದು. ಸರಿಯಾದ ನಿಯಮವೇ. ಹಂಪಿಯ ವಿಠ್ಠಲ ಗುಡಿಯಲ್ಲಿ ಸಪ್ತಸ್ವರದ ಕಂಬ ಅಂತ ಕಂಡಕಂಡವರೆಲ್ಲ ತಟ್ಟಿ ತಟ್ಟಿ, ಕೊನೆಗೆ ತಟ್ಟೋದನ್ನೇ ನಿಲ್ಲಿಸಬೇಕಾಯ್ತು. ಸದ್ದು ಕೇಳುವ ಆಸೆಯಲ್ಲೂ ನಾವು ಪ್ರವಾಸಿಗಳೇ. ಆದರೆ ಅದೇ ನಿಯಮಾವಳಿಯಲ್ಲಿ ಒಂದು ವಿನಾಯಿತಿಯೂ ಇದೆ: ಮಾನ್ಯತೆ ಪಡೆದ ಧಾರ್ಮಿಕ ರೂಢಿಯಂತೆ ನಡೆಯುವುದಕ್ಕೆ ಈ ನಿರ್ಬಂಧ ಇಲ್ಲ. ರಂಗಭೋಗ ಯಾವ ಖಾನೆಗೆ ಸೇರಬೇಕು ಹೇಳಿ. ಕಲ್ಲಿನ ಮೇಲೆ ಪೂಜೆಯ ಜೊತೆಗೇ ಕೊರೆದಿಟ್ಟಿದ್ದನ್ನು ನಾವು ಮನರಂಜನೆ ಅಂತ ಬೇರೆ ಮಾಡಿದ್ದೀವಿ. ಅಂಗಭೋಗವನ್ನು ಅರ್ಚಕರೂ ಇಲಾಖೆಯೂ ಸೇರಿ ನೋಡಿಕೊಳ್ತಿದ್ದಾರೆ. ರಂಗಭೋಗಕ್ಕೆ ವಾರಸುದಾರರೇ ಇಲ್ಲ.

ವಾರಸುದಾರರು ಯಾಕಿಲ್ಲ ಅನ್ನೋದನ್ನೂ ಹೇಳದೆ ಹೋದರೆ ಅಪ್ರಾಮಾಣಿಕತೆ ಆಗುತ್ತೆ. ರಂಗಭೋಗದ ಕುಣಿತ ಕುಣಿದವರು ದೇವರ ಹೆಸರಿಗೆ ಬಿಟ್ಟ ಹೆಣ್ಣುಮಕ್ಕಳು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು. ಆ ಏರ್ಪಾಟು ವಾಪಸ್ ಬರಲಿ ಅನ್ನೋವಷ್ಟು ಹಳೇಕಾಲದ ಹುಚ್ಚು ನನಗಿಲ್ಲ. ಆದರೆ ಆ ಹೆಣ್ಣುಮಕ್ಕಳಿಗೆ ಬದಲಿ ಜೀವನವನ್ನೂ ಕೊಡಲಿಲ್ಲ, ಅವರ ಕೈಲಿದ್ದ ವಿದ್ಯೆಗೆ ಬದಲಿ ಜಾಗವನ್ನೂ ಕೊಡಲಿಲ್ಲ. ವಿದ್ಯೆ ಅರಮನೆಗಳಿಗೆ, ಆಮೇಲೆ ಸಭೆಗಳಿಗೆ, ಆಮೇಲೆ ಎಸಿ ಆಡಿಟೋರಿಯಂಗಳಿಗೆ ಹೋಯಿತು. ಮಂಟಪಗಳು ಖಾಲಿ ಆದವು, ನಾವು ಅವಕ್ಕೆ ಸ್ಮಾರಕ ಅಂತ ಹೆಸರಿಟ್ಟೆವು. ತಂಗಲಿಯ ಹುಡುಗಿ ಎಂಟನೇ ವಯಸ್ಸಿಗೆ ಊರು ಬಿಟ್ಟು ಮೈಸೂರಿಗೆ ಹೋಗಬೇಕಾಯ್ತು ಅನ್ನೋದನ್ನು ಈ ಬೆಳಕಿನಲ್ಲೂ ನೋಡಬಹುದು: ಅಷ್ಟು ಹೊತ್ತಿಗೆ ಹತ್ತಿರದ ಯಾವ ಕಲ್ಲಿನ ರಂಗದಲ್ಲೂ ಅವಳಿಗೆ ಜಾಗ ಇರಲಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ವೀಕೆಂಡ್ ಟ್ರಿಪ್ ಪ್ಲಾನ್ ಮಾಡುವವರು. ಜಗನ್ಮೋಹನಕ್ಕೆ ಹೋಗೋದಾದರೆ ಕಚೇರಿ ಇರುವ ಸಂಜೆ ನೋಡಿ ಹೋಗಿ, ಬೆಳಗಿನ ಟಿಕೆಟ್ಟಿಗಿಂತ ಅದೇ ವಾಸಿ. ಪಿಟೀಲು ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಕಟ್ಟಿದ ಪ್ರಸನ್ನ ಸೀತಾರಾಮ ಮಂದಿರ ಅದೇ ಮೈಸೂರಿನಲ್ಲಿದೆ, ಹಾಡುಗಾರನೊಬ್ಬ ಸಂಗೀತಕ್ಕೆ ಅಂತಲೇ ಕಟ್ಟಿಸಿದ ಜಾಗ. ಗೈಡ್‌ಬುಕ್‌ನಲ್ಲಿ ಹುಡುಕಿದರೂ ಸಿಗೋದು ಕಷ್ಟ. ಅಲಂಕಾರ ಕಡಿಮೆ, ರಾಮೋತ್ಸವದಲ್ಲಿ ಹೋದರೆ ಕಿವಿಗೆ ಹಬ್ಬ.

ಅಮೃತಾಪುರದ ವಿಷಯ ಮಾತ್ರ ನನಗೆ ತಲೆಯಿಂದ ಹೋಗಿಲ್ಲ. ಮೈಕ್ ಇಲ್ಲ, ಲೈಟ್ ಇಲ್ಲ, ವೇದಿಕೆ ಇಲ್ಲ, ಪೆಂಡಾಲ್ ಇಲ್ಲ. ಸಂಜೆ ನಾಲ್ಕರಿಂದ ಆರು, ಒಂದು ದನಿ, ಒಂದು ವಾದ್ಯ, ನೆಲದ ಮೇಲೆ ಕೂತ ಐವತ್ತು ಜನ. ಇಷ್ಟಕ್ಕೆ ಅನುಮತಿ ಕೇಳಿ ಒಂದು ಅರ್ಜಿ ಬರೆದಿಟ್ಟಿದ್ದೀನಿ, ರಂಗಭೋಗದ ಮಾತು ಸೇರಿಸಿ. ಯಗಟಿಯಲ್ಲಿ ನಮಗೆಲ್ಲ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರಿಗೆ ಹೋದ ವಾರ ಫೋನ್ ಮಾಡಿ, ಸಾರ್, ಅನುಮತಿ ಸಿಕ್ಕಿದರೆ ಅಲ್ಲಿ ಮೈಕ್ ಇಲ್ಲದೆ ಹಾಡ್ತೀರಾ ಅಂತ ಕೇಳಿದೆ. ಅನುಮತಿ ಯಾರು ಕೊಡ್ತಾರೆ, ಯಾವಾಗ ಕೊಡ್ತಾರೆ ಒಂದನ್ನೂ ಅವರು ಕೇಳಲಿಲ್ಲ.

"ಬಯಲಲ್ಲಾದರೆ ಬಿಳಿ ನಾಲ್ಕು ಬೇಕಪ್ಪ, ಗಂಟಲು ಹರೀಬೇಕು. ಕಲ್ಲಿನ ಮಂಟಪ ಅಂತೀಯ, ಕರಿ ಎರಡು ಸಾಕಾಗುತ್ತೇನೋ. ಕಂಬಕ್ಕೂ ಕಂಬಕ್ಕೂ ಎಷ್ಟು ಮಾರು ಇದೆ, ಒಂದ್ಸಲ ಹೋಗಿ ನೋಡಿಕೊಂಡು ಬಂದು ಹೇಳು."